ಹೊಸ ಕಿಡ್ನಿ, ಹಳೇ ವೈರಸ್ಸು

(ಕಿಡ್ನಿ ಕಸಿ ಮಾಡಿಸಿಕೊಂಡವರು ಮತ್ತು ಅವರ ಮನೆಯವರ ಮುಂದೆ ವೈದ್ಯರೊಬ್ಬರು ಆಡಿದ ಮಾತಿನ ಬರಹ ರೂಪ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಬಹುತೇಕರ ಬ್ಯಾಗಿನಲ್ಲಿ ಒಂದು ಮಾತ್ರೆ ಡಬ್ಬಿ ಇರುತ್ತದೆ. ಅದರಲ್ಲಿ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಪ್ರೆಡ್ನಿಸೊಲೋನ್. ಕೆಲವರಿಗೆ ಒಂದೆರಡು ಬದಲಾಗಿರಬಹುದು. ಹೆಸರು ಬೇರೆಯಾದರೂ ಕೆಲಸ ಒಂದೇ. ಕಿಡ್ನಿ ಕೊಟ್ಟವರು ಹೆತ್ತ ತಾಯಿಯೇ ಆಗಿರಲಿ, ನಿಮ್ಮ ಮೈಗೆ ಅದು ಹೊರಗಿನ ವಸ್ತು. ಅದನ್ನು ಹಾಳುಮಾಡಲು ಮೈ ಹೊರಡುತ್ತದೆ. ಈ ಮಾತ್ರೆಗಳು ಅದನ್ನು ತಡೆಯುತ್ತವೆ.

ತೊಂದರೆ ಇರುವುದು ಇಲ್ಲೇ. ಹೊಸ ಕಿಡ್ನಿಯ ಮೇಲೆ ಬೀಳುವ, ಟಿ ಕಣ ಅನ್ನುವ ಬಿಳಿ ರಕ್ತಕಣಗಳೇ ನಮ್ಮೊಳಗಿನ ವೈರಸ್ಸುಗಳನ್ನೂ ಹದ್ದುಬಸ್ತಿನಲ್ಲಿ ಇಟ್ಟಿರುತ್ತವೆ. ವೈರಸ್ ನಮ್ಮದೇ ಜೀವಕಣದ ಒಳಗೆ ಹೋಗಿ ಕೂರುತ್ತದೆ. ಅಂಥ ಜೀವಕಣವನ್ನು ಹುಡುಕಿ ಮುಗಿಸುವುದು ಟಿ ಕಣದ ಕೆಲಸ. ಅದನ್ನು ತಗ್ಗಿಸಿದರೆ ಕಿಡ್ನಿ ಉಳಿಯುತ್ತದೆ, ಜೊತೆಗೆ ವೈರಸ್ಸಿಗೂ ಆರಾಮ. ಎರಡನ್ನೂ ಬೇರೆ ಮಾಡುವ ಔಷಧಿ ಇನ್ನೂ ಬಂದಿಲ್ಲ.

1954ರ ಡಿಸೆಂಬರ್‌ನಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮತ್ತು ಅವರ ತಂಡ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದಾಗ ಈ ತಲೆನೋವು ಇರಲಿಲ್ಲ. ಕೊಟ್ಟವರು, ಪಡೆದವರು ತದ್ರೂಪಿ ಅವಳಿಗಳು. ಮೈಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ, ಮಾತ್ರೆಯೂ ಬೇಕಾಗಲಿಲ್ಲ. ಆದರೆ ಎಲ್ಲರಿಗೂ ಅವಳಿ ಸಿಗುತ್ತಾರಾ? 1980ರ ದಶಕದಲ್ಲಿ ಸೈಕ್ಲೋಸ್ಪೋರಿನ್ ಬಂತು, 1990ರ ದಶಕದಲ್ಲಿ ಟ್ಯಾಕ್ರೋಲಿಮಸ್ ಬಂತು. ಮೊದಲನೆಯದು ನಾರ್ವೆಯ ಮಣ್ಣಿನಲ್ಲಿ ಸಿಕ್ಕ ಶಿಲೀಂಧ್ರದಿಂದ, ಎರಡನೆಯದು ಜಪಾನಿನ ತ್ಸುಕುಬಾದ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ. ಇವು ಬಂದ ಮೇಲೆ ಕಸಿ ಮಾಡಿದ ಕಿಡ್ನಿಗಳು ವರ್ಷಗಟ್ಟಲೆ ಉಳಿಯತೊಡಗಿದವು. ಅದರ ಹಿಂದೆಯೇ ವೈರಸ್ಸುಗಳೂ ದೊಡ್ಡ ವಿಷಯವಾದವು.

ಇವತ್ತು ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಕಸಿಯಾದವರಲ್ಲಿ ವೈರಸ್ ಚಿಕಿತ್ಸೆ ಅಂದರೆ ವೈರಸ್ಸಿಗೆ ಮದ್ದು ಕೊಡುವುದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ. ಉಳಿದರ್ಧ, ಇಮ್ಯುನಿಟಿ ತಗ್ಗಿಸುವ ಮಾತ್ರೆಯನ್ನು ಎಷ್ಟು ಇಳಿಸಬೇಕು, ಯಾವಾಗ ಇಳಿಸಬೇಕು ಅನ್ನುವ ಲೆಕ್ಕ. ಕೆರೆಯ ತೂಬು ನೋಡಿಕೊಳ್ಳುವವನ ಕೆಲಸದ ಹಾಗೆ. ಜಾಸ್ತಿ ಎತ್ತಿದರೆ ಗದ್ದೆ ಮುಳುಗುತ್ತದೆ, ಮುಚ್ಚಿದರೆ ಪೈರು ಒಣಗುತ್ತದೆ. ದಿನಾ ಹೋಗಿ ನೋಡದೆ ಇದನ್ನು ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ. ಹಾಗಾಗಿಯೇ ನಾವು ನಿಮ್ಮನ್ನು ಪದೇ ಪದೇ ರಕ್ತ ಪರೀಕ್ಷೆಗೆ ಕರೆಯುವುದು.

ಮೊದಲು ಸಿಎಂವಿ. ಪೂರ್ತಿ ಹೆಸರು ಸೈಟೊಮೆಗಾಲೊವೈರಸ್. ಇದು ಹೊರಗಿನಿಂದ ಹೊಸದಾಗಿ ಬರಬೇಕಾಗಿಯೇ ಇಲ್ಲ. ನಮ್ಮ ದೇಶದಲ್ಲಿ ದೊಡ್ಡವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನರ ಮೈಯಲ್ಲಿ ಇದು ಆಗಲೇ ಇದೆ. ಚಿಕ್ಕಂದಿನಲ್ಲಿ ಜೊಲ್ಲಿನಿಂದಲೋ ತಾಯಿ ಹಾಲಿನಿಂದಲೋ ಬಂದು ಸೇರಿರುತ್ತದೆ. ಒಂದೆರಡು ದಿನ ಜ್ವರ ಬಂದಿರಬಹುದು, ಅದೂ ಇಲ್ಲದೆ ಹೋಗಿರಬಹುದು. ಆಮೇಲೆ ಜೀವನಪೂರ್ತಿ ಮೂಲೆಯಲ್ಲಿ ಮಲಗಿರುತ್ತದೆ.

ಪಶ್ಚಿಮದ ದೇಶಗಳಲ್ಲಿ ಅವರು ಜಾಸ್ತಿ ಹೆದರುವುದು ಒಂದು ಜೋಡಿಗೆ: ಕೊಟ್ಟವರಲ್ಲಿ ವೈರಸ್ ಇದೆ, ಪಡೆದವರು ಅದನ್ನು ಯಾವತ್ತೂ ಕಂಡಿಲ್ಲ. ನಮ್ಮಲ್ಲಿ ಆ ಜೋಡಿ ದೊಡ್ಡವರಲ್ಲಿ ಅಪರೂಪ, ಮಕ್ಕಳಲ್ಲಿ ಮಾತ್ರ ಆಗಾಗ ಕಾಣುತ್ತದೆ. ನಮ್ಮಲ್ಲಿ ಸಾಮಾನ್ಯವಾದದ್ದು ಮಲಗಿದ್ದ ವೈರಸ್ ಏಳುವುದು. ಅದು ಯಾವಾಗ ಏಳುತ್ತದೆ? ಕಸಿಯ ಸಮಯದಲ್ಲಿ ಟಿ ಕಣಗಳನ್ನು ಜೋರಾಗಿ ಇಳಿಸುವ ಎಟಿಜಿ ಇಂಜೆಕ್ಷನ್ ಕೊಟ್ಟಿದ್ದರೆ, ಅಥವಾ ಆಮೇಲೆ ರಿಜೆಕ್ಷನ್ ಆಗಿ, ಅಂದರೆ ಮೈ ಹೊಸ ಕಿಡ್ನಿಯ ಮೇಲೆ ತಿರುಗಿಬಿದ್ದು, ಜೋರಾದ ಔಷಧಿ ಕೊಡಬೇಕಾಗಿ ಬಂದಿದ್ದರೆ ಸಾಧ್ಯತೆ ಹೆಚ್ಚು. ನಿಮ್ಮ ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಟಿಜಿ ಅಂತ ಇದೆಯಾ ಅಂತ ಇವತ್ತು ಮನೆಗೆ ಹೋಗಿ ನೋಡಿ. ಬೇರೆ ಊರಿನ ವೈದ್ಯರ ಹತ್ತಿರ ಹೋಗಬೇಕಾಗಿ ಬಂದಾಗ ಮೊದಲು ಹೇಳಬೇಕಾದ ಸಂಗತಿ ಅದು.

ಸಿಎಂವಿ ಎದ್ದರೆ ಜ್ವರ, ಸುಸ್ತು, ಬಿಳಿ ರಕ್ತಕಣ ಕಡಿಮೆ, ಪ್ಲೇಟ್‌ಲೆಟ್ ಕಡಿಮೆ. ಹೊಟ್ಟೆ, ಕರುಳಿಗೆ ಹೊಕ್ಕರೆ ಬಿಡದ ಭೇದಿ, ಹೊಟ್ಟೆನೋವು, ಕೆಲವೊಮ್ಮೆ ಮಲದಲ್ಲಿ ರಕ್ತ. ಶ್ವಾಸಕೋಶ, ಲಿವರಿಗೂ ಹೋಗಬಹುದು. ಇಷ್ಟೇ ಅಲ್ಲ, ಸಿಎಂವಿ ಬಂದು ಹೋದವರಲ್ಲಿ ರಿಜೆಕ್ಷನ್ ಮತ್ತು ಬೇರೆ ಸೋಂಕುಗಳೂ ಹೆಚ್ಚು.

ಇದಕ್ಕೆ ಎರಡು ದಾರಿಗಳಿವೆ. ಒಂದು, ಎಲ್ಲರಿಗೂ ಮೊದಲೇ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಮಾತ್ರೆ ಕೊಡುವುದು. ಸಾಮಾನ್ಯವಾಗಿ ಕನಿಷ್ಠ 3 ತಿಂಗಳು, ರಿಸ್ಕ್ ಜಾಸ್ತಿ ಇದ್ದರೆ 6 ತಿಂಗಳು. ಇನ್ನೊಂದು, ಮಾತ್ರೆ ಕೊಡದೆ ಪ್ರತಿ ವಾರ ರಕ್ತದಲ್ಲಿ ಪಿಸಿಆರ್, ಅಂದರೆ ವೈರಸ್ ಎಷ್ಟಿದೆ ಅಂತ ಅಳೆಯುವ ಪರೀಕ್ಷೆ ಮಾಡಿ, ವೈರಸ್ ಏರುತ್ತಿದ್ದಂತೆ, ರೋಗ ಶುರುವಾಗುವ ಮುಂಚೆಯೇ ಚಿಕಿತ್ಸೆ ಕೊಡುವುದು. ಪುಸ್ತಕದಲ್ಲಿ ಎರಡೂ ಸರಿ. ನನ್ನನ್ನು ಕೇಳಿದರೆ, ರಾಯಚೂರಿನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಬರುವವರಿಗೆ ಮೊದಲ ದಾರಿಯೇ ವಾಸಿ. ಪಿಸಿಆರ್ ಒಂದೊಂದು ಸಲಕ್ಕೆ ಸಾವಿರಗಟ್ಟಲೆ ರೂಪಾಯಿ. ಬಸ್ಸು, ಲಾಡ್ಜು, ಜೊತೆಗೆ ಬರುವವರ ಒಂದು ದಿನದ ಕೂಲಿ ಬೇರೆ. ಎರಡು ವಾರ ತಪ್ಪಿದರೆ ಆ ದಾರಿಯೇ ಮುರಿದುಬೀಳುತ್ತದೆ. ಪರೀಕ್ಷೆ ಎಲ್ಲ ಕಡೆ ಸುಲಭವಾಗಿ ಸಿಗುವ ದೇಶಗಳಲ್ಲಿ ಬರೆದ ಸಲಹೆಯನ್ನು ಹಾಗೇ ತಂದು ಇಲ್ಲಿ ಹಾಕಿದರೆ ಆಗುವುದಿಲ್ಲ.

ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಬಗ್ಗೆ ಎರಡು ಮಾತು. ಇದು ದುಬಾರಿ, ಅದಕ್ಕೆ ಕೆಲವರು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರೆಬರೆ ಡೋಸ್ ಕೊಟ್ಟರೆ ವೈರಸ್ ಸಾಯುವುದಿಲ್ಲ, ಮದ್ದಿಗೆ ಬಗ್ಗದಂತೆ ಬದಲಾಗುತ್ತದೆ. ಆಮೇಲೆ ಉಳಿಯುವ ಔಷಧಿಗಳು ಒಂದೋ ಕಿಡ್ನಿಗೆ ಭಾರ, ಇಲ್ಲವೇ ಜೇಬಿಗೆ ಭಾರ. ಮರಿಬಾವಿರ್ ಅನ್ನುವ ಹೊಸ ಮಾತ್ರೆಗೆ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಬೇರೆ ಮದ್ದಿಗೆ ಬಗ್ಗದ ಸಿಎಂವಿಗಾಗಿಯೇ. ಅದರವರೆಗೆ ಹೋಗುವ ಹಾಗೆ ಆಗಬಾರದು. ಆದರೆ ನಿಮ್ಮ ಡಾಕ್ಟರೇ ದಿನ ಬಿಟ್ಟು ದಿನ ಅಂತ ಬರೆದಿದ್ದರೆ ಅದು ಬೇರೆ ಮಾತು. ಈ ಮಾತ್ರೆಯ ಡೋಸು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅನ್ನುವುದರ ಮೇಲೆ ನಿಂತಿದೆ. ಅದನ್ನು ತೋರಿಸುವ ರಕ್ತದ ಅಂಕಿ ಕ್ರಿಯಾಟಿನಿನ್, ಕಿಡ್ನಿ ಸೋತಂತೆ ಅದು ಏರುತ್ತದೆ. ಅದು ಬದಲಾದರೆ ಡೋಸೂ ಬದಲಾಗುತ್ತದೆ. ಇನ್ನೊಂದು, ಈ ಮಾತ್ರೆಯೂ ಬಿಳಿ ರಕ್ತಕಣವನ್ನು ಇಳಿಸುತ್ತದೆ. ಸಿಎಂವಿಯೂ ಇಳಿಸುತ್ತದೆ, ಮೈಕೋಫಿನೋಲೇಟೂ ಇಳಿಸುತ್ತದೆ. ಕೌಂಟ್ ಇಳಿದಾಗ ಇವುಗಳಲ್ಲಿ ಯಾವುದು ಕಾರಣ ಅಂತ ಹುಡುಕುವುದೇ ನಮಗೆ ಒಂದು ಕೆಲಸ.

ಮೂರು ತಿಂಗಳ ಮಾತ್ರೆ ಮುಗಿದ ದಿನ ಎಲ್ಲರೂ ಖುಷಿಪಡುತ್ತಾರೆ. ಡಬ್ಬಿ ಹಗುರವಾಯಿತು, ಖರ್ಚು ಉಳಿಯಿತು. ಆದರೆ ನಾವು ಮೈಯೆಲ್ಲ ಕಣ್ಣಾಗಿ ಇರುವುದು ಅಲ್ಲಿಂದಲೇ. ಮಾತ್ರೆ ನಿಲ್ಲಿಸಿದ ಮುಂದಿನ ಕೆಲವು ತಿಂಗಳಲ್ಲಿ ಸಿಎಂವಿ ತಲೆ ಎತ್ತಬಹುದು. ಆ ಹೊತ್ತಿಗೆ ಆಸ್ಪತ್ರೆಗೆ ಬರುವುದೂ ಕಡಿಮೆಯಾಗಿರುತ್ತದೆ. ಆ ಸಮಯದಲ್ಲಿ ಸುಸ್ತು, ಜ್ವರ, ಭೇದಿ ಕಂಡರೆ ಸುಮ್ನೆ ಓಆರ್‌ಎಸ್ ಕುಡಿದು ಮನೆಯಲ್ಲಿ ಕೂರಬೇಡಿ.

ಈಗ ಬಿಕೆ ವೈರಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಕಸಿಯಾದ ಕಿಡ್ನಿಗೆ ಅಂತಲೇ ಹುಟ್ಟಿದ ಹಾಗಿರುವ ವೈರಸ್ ಇದು. 1971ರಲ್ಲಿ ಲಂಡನ್ನಿನಲ್ಲಿ ಕಿಡ್ನಿ ಕಸಿಯಾದ ಒಬ್ಬ ರೋಗಿಯ ಮೂತ್ರದಲ್ಲಿ ಮೊದಲು ಸಿಕ್ಕಿತು. ಇದೂ ಚಿಕ್ಕಂದಿನಲ್ಲೇ ಬಂದು ಕಿಡ್ನಿಯಲ್ಲಿ, ಮೂತ್ರನಾಳದಲ್ಲಿ ಮಲಗಿರುತ್ತದೆ. ಕಸಿಯಾಗದವರಿಗೆ ಇದರಿಂದ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಬಿಕೆ ವೈರಸ್ಸಿನ ಕೆಟ್ಟ ಗುಣ ಅಂದರೆ ಅದು ಸದ್ದು ಮಾಡುವುದಿಲ್ಲ. ಜ್ವರ ಇಲ್ಲ, ನೋವು ಇಲ್ಲ, ಊತ ಇಲ್ಲ, ಮೂತ್ರ ಚೆನ್ನಾಗಿಯೇ ಹೋಗುತ್ತಿರುತ್ತದೆ. ಕ್ರಿಯಾಟಿನಿನ್ 1.2 ಇದ್ದದ್ದು 1.5 ಆಗುತ್ತದೆ, ಆಮೇಲೆ 1.8. ಅಷ್ಟು ಹೊತ್ತಿಗೆ ಕಿಡ್ನಿಯೊಳಗೆ ಹಾನಿ ಆಗಿಬಿಟ್ಟಿರುತ್ತದೆ.

ಕ್ರಿಯಾಟಿನಿನ್ ಏರಿದರೆ ವೈದ್ಯರ ತಲೆಗೆ ಮೊದಲು ಬರುವುದು ರಿಜೆಕ್ಷನ್. ಬಯಾಪ್ಸಿ ಮಾಡಿದರೆ, ಅಂದರೆ ಕಿಡ್ನಿಯ ಸಣ್ಣ ಚೂರು ತೆಗೆದು ನೋಡಿದರೆ, ಕಿಡ್ನಿಯ ತುಂಬ ಬಿಳಿ ರಕ್ತಕಣ ಮುತ್ತಿಕೊಂಡಿರುತ್ತವೆ. ರಿಜೆಕ್ಷನ್‌ನಲ್ಲೂ ಹಾಗೇ, ಬಿಕೆಯಲ್ಲೂ ಹಾಗೇ. ಮೈಕ್ರೋಸ್ಕೋಪಿನಲ್ಲಿ ಎರಡೂ ಅಣ್ಣತಮ್ಮಂದಿರ ಹಾಗೆ ಕಾಣಬಹುದು. ಆದರೆ ಚಿಕಿತ್ಸೆ ತದ್ವಿರುದ್ಧ. ರಿಜೆಕ್ಷನ್ ಆದರೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟು ಇಮ್ಯುನಿಟಿಯನ್ನು ಇನ್ನೂ ತಗ್ಗಿಸಬೇಕು. ಬಿಕೆ ಆದರೆ ಮಾತ್ರೆ ಇಳಿಸಿ ಇಮ್ಯುನಿಟಿಯನ್ನು ಸ್ವಲ್ಪ ಏರಲು ಬಿಡಬೇಕು. ಬಿಕೆಯನ್ನು ರಿಜೆಕ್ಷನ್ ಅಂತ ತಿಳಿದು ಸ್ಟೀರಾಯ್ಡ್ ಕೊಟ್ಟರೆ ವೈರಸ್ಸಿಗೆ ಹಬ್ಬ. ರಿಜೆಕ್ಷನ್ನನ್ನು ಬಿಕೆ ಅಂತ ತಿಳಿದು ಮಾತ್ರೆ ಇಳಿಸಿದರೆ ಕಿಡ್ನಿ ಹೋಗುತ್ತದೆ. ಅದಕ್ಕೇ ಬಯಾಪ್ಸಿ ಚೂರಿಗೆ ಒಂದು ವಿಶೇಷ ಬಣ್ಣ ಹಾಕುತ್ತಾರೆ, ಹೆಸರು ಎಸ್‌ವಿ40. ಅದು ಅಸಲಿಗೆ ಮಂಗಗಳ ಒಂದು ವೈರಸ್ಸನ್ನು ಗುರುತಿಸಲು ಮಾಡಿದ್ದು. ಬಿಕೆ ಅದರ ದಾಯಾದಿ, ಹಾಗಾಗಿ ಇದನ್ನೂ ಹಿಡಿದುಕೊಡುತ್ತದೆ. ಬಯಾಪ್ಸಿ ಬೇಡ ಡಾಕ್ಟ್ರೇ, ಸುಮ್ನೆ ಔಷಧಿ ಕೊಟ್ಟುಬಿಡಿ ಅನ್ನುವವರಿಗೆ ನಾನು ಇದನ್ನೇ ಹೇಳುವುದು. ಯಾವ ಔಷಧಿ ಕೊಡಲಿ? ಏರಿಸುವುದಾ, ಇಳಿಸುವುದಾ?

ಬಿಕೆಯನ್ನು ಕೊಲ್ಲುವ, ನಂಬಬಹುದಾದ ಮದ್ದು ಇನ್ನೂ ಇಲ್ಲ. ಲೆಫ್ಲುನಮೈಡ್, ಸಿಡೊಫೊವಿರ್ ಎಲ್ಲ ಪ್ರಯತ್ನ ಆಯಿತು. ಲೆವೊಫ್ಲಾಕ್ಸಸಿನ್ ಅನ್ನುವ ಸಾಮಾನ್ಯ ಆಂಟಿಬಯಾಟಿಕ್ ಮೊದಲೇ ಕೊಟ್ಟರೆ ತಡೆಯಬಹುದು ಅಂತ ಒಂದು ಆಸೆ ಇತ್ತು. 2014ರಲ್ಲಿ ಕೆನಡಾದವರು ಸರಿಯಾಗಿ ಅಧ್ಯಯನ ಮಾಡಿ, ಪ್ರಯೋಜನ ಇಲ್ಲ ಅಂತ ತೋರಿಸಿದರು. ಹಾಗಾಗಿ ಇರುವ ಮುಖ್ಯ ಚಿಕಿತ್ಸೆ ಮಾತ್ರೆ ಇಳಿಸುವುದೇ. ಅದು ಕೆಲಸ ಮಾಡಬೇಕಾದರೆ ಬೇಗ ಸಿಗಬೇಕು. ಕ್ರಿಯಾಟಿನಿನ್ ಏರುವ ತನಕ ಕಾಯಬಾರದು. ಬಿಕೆ ಮೊದಲು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ, ಆಮೇಲೆ ರಕ್ತದಲ್ಲಿ, ಕಿಡ್ನಿ ಕೆಡುವುದು ಅದಾದ ಮೇಲೆ. ನಡುವೆ ಕೆಲವು ವಾರಗಳ ಅವಕಾಶ ಇರುತ್ತದೆ. ಆ ಅವಕಾಶ ತಪ್ಪಬಾರದು ಅಂತಲೇ ಮೊದಲ 9 ತಿಂಗಳು ಪ್ರತಿ ತಿಂಗಳು, ಆಮೇಲೆ 2 ವರ್ಷದವರೆಗೆ 3 ತಿಂಗಳಿಗೊಮ್ಮೆ ರಕ್ತದಲ್ಲಿ ಬಿಕೆ ಪಿಸಿಆರ್ ನೋಡಬೇಕು ಅನ್ನುವುದು ಈಗಿನ ಸಲಹೆ. ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ಸಿನ 10,000ಕ್ಕಿಂತ ಹೆಚ್ಚು ಪ್ರತಿಗಳು ಸಿಕ್ಕರೆ, ಅಥವಾ 1,000ಕ್ಕಿಂತ ಹೆಚ್ಚು ಇರುವುದು ಮತ್ತೆ ಮತ್ತೆ ಕಂಡರೆ, ಮಾತ್ರೆ ಇಳಿಸಲು ಶುರು ಮಾಡುತ್ತೇವೆ.

ಚೆನ್ನಾಗಿರುವ ಮನುಷ್ಯನಿಗೆ ಯಾಕೆ ಇಷ್ಟೊಂದು ಪರೀಕ್ಷೆ, ಲ್ಯಾಬಿನವರಿಗೆ ದುಡ್ಡು ಮಾಡಿಕೊಡಲಿಕ್ಕಾ ಅಂತ ಕೇಳುವವರಿದ್ದಾರೆ. ಕೇಳುವುದು ತಪ್ಪಲ್ಲ. ನನ್ನ ಉತ್ತರ ಇಷ್ಟು: ಮೈ ಚೆನ್ನಾಗಿದೆ ಅಂತ ನಿಮಗೆ ಅನ್ನಿಸುವುದನ್ನು ಈ ವೈರಸ್ಸಿನ ವಿಷಯದಲ್ಲಿ ನಾನು ಸಾಕ್ಷಿ ಅಂತ ತೆಗೆದುಕೊಳ್ಳಲು ಆಗುವುದಿಲ್ಲ. ದುಡ್ಡು ಉಳಿಸಬೇಕು ಅಂದರೆ ನಮ್ಮ ಜೊತೆ ಕೂತು ಮಾತಾಡಿ. ಯಾವ ಪರೀಕ್ಷೆ ಬಿಡಬಹುದು, ಯಾವುದನ್ನು ಬಿಡಬಾರದು ಅಂತ ಹೇಳುತ್ತೇವೆ. ಬಿಕೆ ಪಿಸಿಆರ್ ಬಿಡುವ ಪಟ್ಟಿಯಲ್ಲಿ ಬರುವುದಿಲ್ಲ.

ಮಾತ್ರೆ ಇಳಿಸುವುದನ್ನು ಮನೆಯಲ್ಲಿ ನೀವೇ ಮಾಡುವ ಹಾಗಿಲ್ಲ. ಸಾಮಾನ್ಯವಾಗಿ ಮೈಕೋಫಿನೋಲೇಟನ್ನು ಮೊದಲು ಇಳಿಸುತ್ತೇವೆ, ಕೆಲವರಲ್ಲಿ ಟ್ಯಾಕ್ರೋಲಿಮಸ್ ಲೆವೆಲ್ ತಗ್ಗಿಸುತ್ತೇವೆ. ಕೆಲವರಿಗೆ ಮೈಕೋಫಿನೋಲೇಟ್ ಬದಲು ಎವೆರೊಲಿಮಸ್ ಹಾಕುತ್ತೇವೆ. ಅದೂ ಇಮ್ಯುನಿಟಿ ತಗ್ಗಿಸುವ ಮಾತ್ರೆಯೇ, ಆದರೆ ಅದನ್ನು ತೆಗೆದುಕೊಳ್ಳುವವರಲ್ಲಿ ಸಿಎಂವಿ ಏಳುವುದು ಕಡಿಮೆ. ಎರಡು ವಾರಕ್ಕೊಮ್ಮೆ ಕ್ರಿಯಾಟಿನಿನ್, ವೈರಲ್ ಲೋಡ್ (ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ) ನೋಡುತ್ತಾ ಒಂದೊಂದೇ ಹೆಜ್ಜೆ. ವೈರಸ್ ಇಳಿಯುತ್ತಿದ್ದ ಹಾಗೆ ರಿಜೆಕ್ಷನ್ ಎದ್ದಿತಾ ಅಂತಲೂ ಕಣ್ಣಿಡಬೇಕು.

ಇಬಿವಿ, ಅಂದರೆ ಎಪ್‌ಸ್ಟೈನ್-ಬಾರ್ ವೈರಸ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇದೂ ಬಹುತೇಕ ಎಲ್ಲರಲ್ಲೂ ಮಲಗಿರುವುದೇ. ಆದರೆ ಇದು ಬಿ ಕಣ ಅನ್ನುವ ಬಿಳಿ ರಕ್ತಕಣಗಳನ್ನು ಹಿಡಿದು ಬೆಳೆಸುತ್ತದೆ, ಕೆಲವರಲ್ಲಿ ಅದು ಲಿಂಫೋಮಾ ಥರದ ಕ್ಯಾನ್ಸರಾಗಿ ತಿರುಗಬಹುದು. ಇಬಿವಿ ಕಾಣದ ಮಕ್ಕಳಿಗೆ ದೊಡ್ಡವರ ಕಿಡ್ನಿ ಹಾಕಿದಾಗ ಅಪಾಯ ಜಾಸ್ತಿ. ಕುತ್ತಿಗೆ, ಕಂಕುಳಲ್ಲಿ ಗಂಟು, ಕಾರಣವಿಲ್ಲದ ಜ್ವರ, ತೂಕ ಇಳಿಯುವುದು ಕಂಡರೆ ತೋರಿಸಿ. ಇಲ್ಲೂ ಮೊದಲ ಹೆಜ್ಜೆ ಮಾತ್ರೆ ಇಳಿಸುವುದೇ, ಆಮೇಲೆ ಬಿ ಕಣಗಳನ್ನು ಮುಗಿಸುವ ರಿಟುಕ್ಸಿಮ್ಯಾಬ್ ಔಷಧಿ. ಪಾರ್ವೋ ವೈರಸ್ ಅಂತ ಇನ್ನೊಂದಿದೆ. ಕಸಿಯಾದ ಮೇಲೆ ಹಿಮೋಗ್ಲೋಬಿನ್ ಏರುವ ಬದಲು ಧಡಕ್ಕನೆ ಇಳಿದರೆ, ಕಬ್ಬಿಣದ ಮಾತ್ರೆಗೂ ಇಂಜೆಕ್ಷನ್ನಿಗೂ ಬಗ್ಗದಿದ್ದರೆ, ಅದನ್ನು ಹುಡುಕಬೇಕು. ಸಿಕ್ಕರೆ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಆಂಟಿಬಾಡಿಗಳ ಡ್ರಿಪ್ ಕೊಡುತ್ತೇವೆ, ಚೆನ್ನಾಗಿ ಕೆಲಸ ಮಾಡುತ್ತದೆ.

ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿನ ಕತೆ ಮಾತ್ರ ಸಂತೋಷದ್ದು. ಇಲ್ಲಿ ಹಳೇ ಡಯಾಲಿಸಿಸ್ ರೋಗಿಗಳಿಗೆ ನೆನಪಿರುತ್ತದೆ. ಯೂನಿಟ್ಟಿನಲ್ಲಿ ಒಬ್ಬರಿಂದ ಒಬ್ಬರಿಗೆ ಹೆಪಟೈಟಿಸ್ ಸಿ ಹರಡುತ್ತಿತ್ತು, ಪಾಸಿಟಿವ್ ಬಂದವರಿಗೆ ಬೇರೆ ಮಷೀನು, ಬೇರೆ ಮೂಲೆ. ಆಗಿನ ಚಿಕಿತ್ಸೆ ಇಂಟರ್‌ಫೆರಾನ್ ಇಂಜೆಕ್ಷನ್ ತಿಂಗಳುಗಟ್ಟಲೆ, ಮೈಕೈ ನೋವು, ಖಿನ್ನತೆ. ಕಸಿಯಾದ ಮೇಲಂತೂ ಅದನ್ನು ಕೊಡಲು ಕೈ ನಡುಗುತ್ತಿತ್ತು, ಅದು ಇಮ್ಯುನಿಟಿಯನ್ನು ಕೆರಳಿಸಿ ರಿಜೆಕ್ಷನ್ ತರುತ್ತಿತ್ತು. 2013ರ ಕೊನೆಗೆ ಅಮೆರಿಕದಲ್ಲಿ ಸೊಫೊಸ್ಬುವಿರ್ ಬಂತು. ಒಂದು ಮಾತ್ರೆಗೆ ಅಲ್ಲಿ 1,000 ಡಾಲರ್. ಮರುವರ್ಷವೇ ಭಾರತದ ಕಂಪನಿಗಳಿಗೆ ಅದನ್ನು ತಯಾರಿಸುವ ಲೈಸೆನ್ಸ್ ಸಿಕ್ಕಿ, ಬೆಲೆ ನಮ್ಮ ಕೈಗೆಟುಕುವಷ್ಟಕ್ಕೆ ಬಂತು. ಈಗ ಸೊಫೊಸ್ಬುವಿರ್, ವೆಲ್ಪಟಾಸ್ವಿರ್ ಸೇರಿದ ಒಂದೇ ಮಾತ್ರೆ, ಸಾಮಾನ್ಯವಾಗಿ 12 ವಾರ, ನೂರರಲ್ಲಿ ತೊಂಬತ್ತೈದರಷ್ಟು ಜನರಿಗೆ ಪೂರ್ತಿ ವಾಸಿ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಇದು ಉಚಿತ. ವೈರಸ್ ಚಿಕಿತ್ಸೆಯಲ್ಲಿ ಇಂಥ ಬದಲಾವಣೆ ನಾವು ಕಂಡದ್ದು ಅಪರೂಪ.

ಹೆಪಟೈಟಿಸ್ ಬಿ ಹಾಗಲ್ಲ, ಅದು ಪೂರ್ತಿ ಹೋಗುವುದು ಕಷ್ಟ. ಎಂಟೆಕಾವಿರ್ ಅಥವಾ ಟೆನೊಫೊವಿರ್ ಮಾತ್ರೆಯಿಂದ ಅದುಮಿ ಇಡಬಹುದು. ಲಿವರ್ ಚೆನ್ನಾಗಿದೆ ಅಂತ ಆ ಮಾತ್ರೆಯನ್ನು ನೀವಾಗಿ ನಿಲ್ಲಿಸಿದರೆ ಅದು ಒಮ್ಮೆಲೇ ಭುಗಿಲೇಳಬಹುದು, ಜೀವಕ್ಕೇ ಕುತ್ತು. ಇದಕ್ಕೆ ಲಸಿಕೆ ಇದೆ. ಡಯಾಲಿಸಿಸ್‌ನಲ್ಲಿ ಇರುವವರಿಗೆ ಎರಡರಷ್ಟು ಡೋಸು, ನಾಲ್ಕು ಸಲ. ಕಸಿಗೆ ಕಾಯುತ್ತಿರುವವರು ಯಾರಾದರೂ ಇಲ್ಲಿದ್ದರೆ ಇವತ್ತೇ ಕೇಳಿ. ಕಸಿಯಾದ ಮೇಲೆ ಲಸಿಕೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ.

ಇನ್ನು ಸರ್ಪಸುತ್ತು. ಇದು ಹಳೇ ಚಿಕನ್ ಪಾಕ್ಸ್ ವೈರಸ್ಸೇ, ನರದಲ್ಲಿ ಮಲಗಿದ್ದದ್ದು ಏಳುವುದು. ಸುತ್ತಿಕೊಂಡು ಬಂದು ಹೆಡೆ, ಬಾಲ ಕೂಡಿದರೆ ಸಾಯುತ್ತಾರೆ ಅನ್ನುವ ನಂಬಿಕೆ ಇದೆಯಲ್ಲ, ಅದಕ್ಕೆ ಹೆದರಿ ಜನ ಕೆಮ್ಮಣ್ಣು ಹಚ್ಚಿಸಿಕೊಂಡು, ಮಂತ್ರ ಹಾಕಿಸಿಕೊಂಡು ಬರುತ್ತಾರೆ. ಮಂತ್ರಕ್ಕೆ ನನ್ನ ಅಡ್ಡಿ ಇಲ್ಲ. ಗುಳ್ಳೆ ಒಡೆದ ಕಡೆ ಮಣ್ಣು ಹಚ್ಚುವುದಕ್ಕೆ ಇದೆ. ಅದಕ್ಕಿಂತ ದೊಡ್ಡ ನಷ್ಟ ಕಳೆದುಹೋಗುವ ದಿನಗಳದ್ದು. ಗುಳ್ಳೆ ಎದ್ದ ಮೊದಲ 72 ಗಂಟೆಯೊಳಗೆ ಅಸೈಕ್ಲೋವಿರ್ ಥರದ ಔಷಧಿ ಶುರುವಾದರೆ ಚೆನ್ನ. ಕಸಿಯಾದವರಲ್ಲಿ ಅದು ಕಣ್ಣಿಗೆ, ಮೈಯೆಲ್ಲ ಹರಡುವ ಸಾಧ್ಯತೆ ಹೆಚ್ಚು. ಮೊದಲು ಆಸ್ಪತ್ರೆ, ಆಮೇಲೆ ದೇವಸ್ಥಾನ.

ಅದೇ ರೀತಿ ಮನೆಯಲ್ಲಿ ಮಗುವಿಗೆ ಅಮ್ಮ ಬಂದಿದ್ದರೆ, ಅಂದರೆ ಚಿಕನ್ ಪಾಕ್ಸ್ ಆಗಿದ್ದರೆ, ನಿಮಗೆ ಗುಳ್ಳೆ ಬರುವ ತನಕ ಕಾಯಬೇಡಿ. ಅವತ್ತೇ ಫೋನ್ ಮಾಡಿ. ಹಿಂದೆ ಆಗಿಲ್ಲದವರಿಗೆ ತಡೆಯುವ ಚಿಕಿತ್ಸೆ ಇದೆ, ಆದರೆ ಅದಕ್ಕೆ ದಿನಗಳ ಮಿತಿ ಇದೆ.

ಲಸಿಕೆ ವಿಷಯದಲ್ಲಿ ತುಂಬ ಗೊಂದಲ ಇದೆ. ಜೀವಂತ ವೈರಸ್ ಇರುವ ಲಸಿಕೆಗಳನ್ನು ಕಸಿಯಾದ ಮೇಲೆ ಸಾಮಾನ್ಯವಾಗಿ ಹಾಕುವುದಿಲ್ಲ: ಚಿಕನ್ ಪಾಕ್ಸ್, ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ), ಹಳದಿ ಜ್ವರ, ಬಾಯಿಗೆ ಹಾಕುವ ಪೋಲಿಯೊ ಹನಿ. ಬೇಕಿದ್ದರೆ ಕಸಿಗೆ ಕನಿಷ್ಠ ನಾಲ್ಕು ವಾರ ಮುಂಚೆ ಮುಗಿಸಬೇಕು. ಉಳಿದವು ಆಗಬಹುದು. ಫ್ಲೂ ಇಂಜೆಕ್ಷನ್ ಪ್ರತಿ ವರ್ಷ, ಮಳೆಗಾಲಕ್ಕೆ ಮುಂಚೆ. ಸರ್ಪಸುತ್ತಿಗೆ ಜೀವಂತ ವೈರಸ್ ಇಲ್ಲದ ಶಿಂಗ್ರಿಕ್ಸ್ ಲಸಿಕೆ 2023ರಿಂದ ನಮ್ಮಲ್ಲಿ ಸಿಗುತ್ತಿದೆ, ಎರಡು ಡೋಸು, ಬೆಲೆ ಮಾತ್ರ ಜಾಸ್ತಿ. ಲಸಿಕೆ ಹಾಕಿಸಿಕೊಂಡೆ ಅಂತ ಧೈರ್ಯವಾಗಿ ತಿರುಗುವ ಹಾಗೂ ಇಲ್ಲ. ಕೋವಿಡ್ ಸಮಯದಲ್ಲಿ ಅಮೆರಿಕದಲ್ಲಿ ನೋಡಿದಾಗ, ಎರಡು ಡೋಸ್ ಆದ ಮೇಲೂ ಕಸಿಯಾದವರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಮಾತ್ರ ಆಂಟಿಬಾಡಿ ಕಂಡಿತು. ಅದಕ್ಕೇ ಮನೆಯವರೆಲ್ಲರೂ ಹಾಕಿಸಿಕೊಳ್ಳಬೇಕು.

ಕೋವಿಡ್ ಅಂದ ಕೂಡಲೇ ಎರಡು ಸಂಗತಿ ನೆನಪಾಗುತ್ತವೆ. ಒಂದು, ಕೋವಿಡ್‌ಗೆ ಕೊಡುವ ಪ್ಯಾಕ್ಸ್‌ಲೋವಿಡ್ ಮಾತ್ರೆ. ಅದರಲ್ಲಿ ರಿಟೊನಾವಿರ್ ಇರುತ್ತದೆ. ಟ್ಯಾಕ್ರೋಲಿಮಸ್ಸನ್ನು ಕರಗಿಸಿ ಹೊರಹಾಕುವ ಲಿವರ್ ಕಿಣ್ವವನ್ನು ಅದು ಕಟ್ಟಿಹಾಕುತ್ತದೆ. ಟ್ಯಾಕ್ರೋ ಲೆವೆಲ್ ಹಲವು ಪಟ್ಟು ಏರಿ ಕಿಡ್ನಿಗೇ ಏಟು. ಕ್ಲಾರಿಥ್ರೊಮೈಸಿನ್ ಅನ್ನುವ ಆಂಟಿಬಯಾಟಿಕ್, ಫ್ಲುಕೊನಜೋಲ್ ಅನ್ನುವ ಫಂಗಸ್ ಮದ್ದು ಕೂಡ ಲೆವೆಲ್ ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಬಿಡದ ಭೇದಿಯೂ ಲೆವೆಲ್ ಏರಿಸುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹಣ್ಣುಗಳಲ್ಲಿ ಚಕ್ಕೋತ. ದೇವನಹಳ್ಳಿ ಕಡೆಯವರು ಇಲ್ಲಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಊರಿನ ಹೆಮ್ಮೆಯ ಹಣ್ಣು ನಿಜ, ಆದರೆ ಅದೂ ಈ ಕಿಣ್ವವನ್ನು ತಡೆಯುತ್ತದೆ.

ಎರಡನೆಯದು, ಇಮ್ಯುನಿಟಿ ಬೂಸ್ಟರ್. ಕಷಾಯ, ಅಮೃತಬಳ್ಳಿ, ಇನ್ನೂ ಏನೇನೋ. ನಾವು ಮಾತ್ರೆ ಕೊಟ್ಟು ತಗ್ಗಿಸುತ್ತಿರುವುದನ್ನು ನೀವು ಕುಡಿದು ಏರಿಸುವುದು ಯಾಕೆ? ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ವರದಿ 2021ರಲ್ಲಿ ಮುಂಬೈಯಿಂದಲೇ ಬಂತು. ಅವರು ಕಸಿಯಾದವರೂ ಅಲ್ಲ. ಸಾರಿಗೆ ಹಾಕುವ ಅರಿಶಿನ, ಮೆಣಸು, ಶುಂಠಿಗೆ ನನ್ನ ತಕರಾರಿಲ್ಲ.

ಡೆಂಗಿ ಜ್ವರದ ವಿಷಯ ಹೇಳದೆ ಬೆಂಗಳೂರಿನಲ್ಲಿ ಮಾತು ಮುಗಿಸುವ ಹಾಗಿಲ್ಲ. ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಜ್ವರ ಜೋರಾಗಿ ಬರದೇ ಇರಬಹುದು. 100 ಡಿಗ್ರಿ ಕಂಡರೂ ನಮಗೆ ಹೇಳಿ. ಪ್ಯಾರಸಿಟಮಾಲ್ ಮಾತ್ರ ತೆಗೆದುಕೊಳ್ಳಿ. ಬ್ರುಫೆನ್, ಡೈಕ್ಲೊಫೆನಾಕ್ ಬೇಡವೇ ಬೇಡ, ಕಿಡ್ನಿಗೂ ಕೆಟ್ಟದ್ದು, ರಕ್ತಸ್ರಾವಕ್ಕೂ ದಾರಿ. ಪಪ್ಪಾಯಿ ಎಲೆ ರಸ ಹಿಂಡುತ್ತಾ ಮನೆಯಲ್ಲಿ ದಿನ ಕಳೆಯಬೇಡಿ.

ಈಗ ನಿಮ್ಮ ಪ್ರಶ್ನೆಗಳು.

*ನಾಯಿ ಕಚ್ಚಿದರೆ ರೇಬೀಸ್ ಇಂಜೆಕ್ಷನ್ ತೆಗೆದುಕೊಳ್ಳಬಹುದಾ? ಲಸಿಕೆ ಬೇಡ ಅಂದಿದ್ದೀರಲ್ಲ?*

ತೆಗೆದುಕೊಳ್ಳಲೇಬೇಕು. ಅದರಲ್ಲಿ ಜೀವಂತ ವೈರಸ್ ಇಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಅವತ್ತೇ ಆಸ್ಪತ್ರೆಗೆ ಹೋಗಿ. ಕಸಿಯಾಗಿದೆ ಅಂತ ಹೇಳಿ, ಯಾಕೆಂದರೆ ನಿಮ್ಮಂಥವರಿಗೆ ಸಣ್ಣ ತರಚು ಗಾಯವಾದರೂ ಲಸಿಕೆಯ ಜೊತೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಕೊಡಬೇಕು. ರೇಬೀಸ್ ಕಸಿಯ ಮೂಲಕವೂ ಬಂದದ್ದಿದೆ. 2004ರಲ್ಲಿ ಅಮೆರಿಕದಲ್ಲಿ ಒಬ್ಬರೇ ದಾನಿಯಿಂದ ಲಿವರ್, ಕಿಡ್ನಿ, ರಕ್ತನಾಳ ಪಡೆದ ನಾಲ್ವರು ರೇಬೀಸ್‌ನಿಂದ ತೀರಿಕೊಂಡರು. ದಾನಿಗೆ ಬಾವಲಿ ಕಚ್ಚಿದ್ದು ಆಮೇಲೆ ಗೊತ್ತಾಯಿತು. ದಾನಿಯ ಮನೆಯವರನ್ನು ನಾವು ಸಾವಿರ ಪ್ರಶ್ನೆ ಕೇಳುವುದು ಇದಕ್ಕೇ.

*ಮೊಮ್ಮಗುವಿಗೆ ಪೋಲಿಯೊ ಹನಿ ಹಾಕಿಸಬಹುದಾ? ನಾನು ಅದೇ ಮನೆಯಲ್ಲಿ ಇರುತ್ತೇನೆ.*

ಮಕ್ಕಳ ಡಾಕ್ಟರಿಗೆ ನಿಮ್ಮ ವಿಷಯ ಹೇಳಿ, ಇಂಜೆಕ್ಷನ್ ರೂಪದ ಪೋಲಿಯೊ ಲಸಿಕೆ ಕೊಡಿಸುವುದು ಒಳ್ಳೆಯದು. ಹನಿ ಹಾಕಿದ ವೈರಸ್ ಮಗುವಿನ ಮಲದಲ್ಲಿ ಕೆಲವು ವಾರ ಹೋಗುತ್ತಿರುತ್ತದೆ. ಹನಿ ಹಾಕಿಸಿ ಆಗಿದ್ದರೆ ಬಟ್ಟೆ ಬದಲಿಸುವ, ತೊಳೆಯುವ ಕೆಲಸ ಬೇರೆಯವರು ಮಾಡಲಿ. ಮಗುವಿನ ಉಳಿದ ಲಸಿಕೆ ಯಾವುದನ್ನೂ ನಿಮಗೋಸ್ಕರ ತಪ್ಪಿಸಬೇಡಿ.

*ನಮ್ಮದು ಸಾಗರದ ಹತ್ತಿರ ಅಡಿಕೆ ತೋಟ. ಮಂಗನ ಕಾಯಿಲೆ ಭಯ. ತೋಟಕ್ಕೆ ಹೋಗಬಹುದಾ?*

1957ರಲ್ಲಿ ಈ ಕಾಯಿಲೆ ಮೊದಲು ಗುರುತಿಸಿದ್ದೇ ನಿಮ್ಮ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣ್ಣೆ ಹುಳದಿಂದ. ಡಿಸೆಂಬರ್‌ನಿಂದ ಮೇ ತನಕ ಕಾಡಂಚಿಗೆ, ಸೊಪ್ಪು ದರಗು ತರಲು ಹೋಗಬೇಡಿ. ಮನೆ ಹತ್ತಿರದ ತೋಟಕ್ಕೆ ಹೋಗಬೇಕಾದರೆ ತುಂಬು ತೋಳಿನ ಅಂಗಿ, ಪ್ಯಾಂಟು, ಬೂಟು, ಉಣ್ಣೆ ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ. ವಾಪಸ್ ಬಂದು ಬಿಸಿನೀರು ಸ್ನಾನ, ಬಟ್ಟೆ ಒಗೆಯುವುದು. ಹತ್ತಿರದಲ್ಲಿ ಮಂಗ ಸತ್ತಿದ್ದರೆ ಆ ಕಡೆ ಸುಳಿಯಲೇಬೇಡಿ, ಇಲಾಖೆಯವರಿಗೆ ತಿಳಿಸಿ.

*ಬಿಕೆ ವೈರಸ್ಸಿನಿಂದ ನನ್ನ ಕಿಡ್ನಿ ಹೋಯಿತು. ಇನ್ನೊಮ್ಮೆ ಕಸಿ ಮಾಡಿಸಿಕೊಂಡರೆ ಅದಕ್ಕೂ ಹೀಗೇ ಆಗುತ್ತದಾ?*

ಆಗಲೇಬೇಕು ಅಂತಿಲ್ಲ. ರಕ್ತದಲ್ಲಿ ವೈರಸ್ ಪೂರ್ತಿ ಹೋಗಿದೆ ಅಂತ ಖಚಿತಪಡಿಸಿಕೊಂಡು ಎರಡನೇ ಕಸಿ ಮಾಡಬಹುದು, ಬಹಳ ಜನರಲ್ಲಿ ಚೆನ್ನಾಗಿ ನಡೆಯುತ್ತದೆ. ಪಿಸಿಆರ್ ಮಾತ್ರ ಒಂದೂ ತಪ್ಪುವಂತಿಲ್ಲ.

*ಡಾಕ್ಟ್ರೇ, ಮಗನಿಗೆ ಕಿಡ್ನಿ ಕೊಟ್ಟವಳು ನಾನು. ಅವನಿಗೆ ಸಿಎಂವಿ ಬಂತು. ನನ್ನ ಕಿಡ್ನಿಯಿಂದಲೇ ಬಂತಾ?*

ಅಮ್ಮಾ, ಕೂತ್ಕೊಳ್ಳಿ. ನಿಮ್ಮಲ್ಲೂ ಆ ವೈರಸ್ ಇತ್ತು, ನಿಮ್ಮ ಮಗನಲ್ಲೂ ಇದ್ದಿರಬೇಕು, ಅವನು ಮಗುವಾಗಿದ್ದಾಗಿಂದ. ಎದ್ದದ್ದು ಯಾವುದು ಅಂತ ಸಾಮಾನ್ಯ ಪರೀಕ್ಷೆಯಲ್ಲಿ ಗೊತ್ತಾಗುವುದಿಲ್ಲ, ಗೊತ್ತಾದರೂ ಚಿಕಿತ್ಸೆ ಬದಲಾಗುವುದಿಲ್ಲ. ಕಸಿಗೆ ಮುಂಚೆ ಇಬ್ಬರಿಗೂ ಪರೀಕ್ಷೆ ಮಾಡಿರುತ್ತಾರೆ, ಇದೆ ಅಂತ ಗೊತ್ತಿದ್ದೇ ಮುಂದುವರಿದಿರುತ್ತಾರೆ. ನಾನು ನಿಮ್ಮನ್ನು ಕೇಳಬೇಕಾದ್ದು ಬೇರೆ. ಕಿಡ್ನಿ ಕೊಟ್ಟವರೂ ವರ್ಷಕ್ಕೊಮ್ಮೆ ಬಿಪಿ, ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್ ನೋಡಿಸಬೇಕು. ಮಗನ ಫೈಲು ನಿಮ್ಮ ಕೈಯಲ್ಲಿದೆ, ನಿಮ್ಮದು ಎಲ್ಲಿದೆ? ಕೊನೇ ಸಲ ಯಾವಾಗ ಮಾಡಿಸಿದ್ದು?